ಬಟನ್ ಒತ್ತಿದ್ದು ಸರಿ, ತಡವಾಗಿದ್ದು ಎಲ್ಲಿ? ಫುಟ್‌ಬಾಲ್ ಗೇಮ್‌ನಲ್ಲಿ ಕೈ ಪಳಗುವ ಬಗೆ

ಕೋರಮಂಗಲದ ಗೇಮಿಂಗ್ ಪಾರ್ಲರ್ ಆಗಲಿ, ಬಿಟಿಎಂ ಲೇಔಟ್‌ನ ಪಿಜಿ ಆಗಲಿ, ಫುಟ್‌ಬಾಲ್ ಗೇಮ್ ಆಡುವ ಕಡೆ ಒಂದು ಮಾತು ಕೇಳಿಸಿಯೇ ಕೇಳಿಸುತ್ತದೆ. "ಬಟನ್ ಒತ್ತಿದೆ ಗುರು, ಅವನು ಅಲ್ಲಾಡಲೇ ಇಲ್ಲ!" ಗೋಲು ತಿಂದವರ ಮಾಮೂಲಿ ಗೋಳು ಇದು. ಪಕ್ಕದಲ್ಲಿ ಕೂತವರು ನಗುತ್ತಾರೆ. ಆದರೆ ಅದರಲ್ಲಿ ಅರ್ಧ ನಿಜ ಇದೆ. ಬಟನ್ ಒತ್ತಿದ್ದು ಹೌದು. ಒತ್ತುವ ಹೊತ್ತಿಗೆ ಕಾಲ ಮಿಂಚಿತ್ತು, ಅಷ್ಟೆ.

ಚೆನ್ನಾಗಿ ಆಡುವವರ ಬೆರಳು ನಮ್ಮ ಬೆರಳಿಗಿಂತ ಚುರುಕು ಅಂತ ತುಂಬ ಜನ ನಂಬಿದ್ದಾರೆ. ಅವರ ಪಕ್ಕ ಕೂತು ಕೈ ನೋಡಿ. ನಮಗಿಂತ ಕಡಿಮೆ ಬಟನ್ ಒತ್ತುತ್ತಿರುತ್ತಾರೆ! ಅವರು ವೇಗವಾಗಿ ಪ್ರತಿಕ್ರಿಯೆ ಕೊಡುತ್ತಿಲ್ಲ, ಪ್ರತಿಕ್ರಿಯೆ ಕೊಡಬೇಕಾದ ಸಂದರ್ಭವನ್ನೇ ಕಡಿಮೆ ಮಾಡಿಕೊಂಡಿದ್ದಾರೆ. ಈ ಲೇಖನ ಇರುವುದು ಅದು ಹೇಗೆ ಅಂತ ಬಿಡಿಸಿ ಹೇಳಲು.

ಯಾವ ಗೇಮ್ ಅಂತ ಮೊದಲೇ ಹೇಳಿಬಿಡುತ್ತೇನೆ. ಇಎ ಕಂಪನಿ 1993ರಲ್ಲಿ ಶುರು ಮಾಡಿದ ಫಿಫಾ ಸರಣಿ ಫಿಫಾ 23ಕ್ಕೆ ಮುಗಿಯಿತು. 2023ರಿಂದ ಅದೇ ಗೇಮ್ ಇಎ ಸ್ಪೋರ್ಟ್ಸ್ ಎಫ್‌ಸಿ ಅನ್ನುವ ಹೆಸರಲ್ಲಿ ಬರುತ್ತಿದೆ. ಹೆಸರು ಬದಲಾದರೂ ನಮ್ಮೂರಲ್ಲಿ ಇವತ್ತಿಗೂ "ಬಾ, ಒಂದು ಫಿಫಾ ಹಾಕೋಣ" ಅನ್ನುವುದೇ ರೂಢಿ. ಮೊಬೈಲ್‌ನಲ್ಲಿ ಕೊನಾಮಿಯ ಇ-ಫುಟ್‌ಬಾಲ್ ಆಡುವವರೂ ಬೇಕಾದಷ್ಟಿದ್ದಾರೆ. ಇಲ್ಲಿ ಬಟನ್‌ಗಳ ಹೆಸರು ಪ್ಲೇಸ್ಟೇಷನ್‌ನದು. ತಿರುಳು ಮಾತ್ರ ಎಲ್ಲ ಕಡೆಗೂ ಒಂದೇ.

ಅರ್ಧ ಸೆಕೆಂಡಿನ ಲೆಕ್ಕ

ಎದುರಾಳಿ ಪಾಸ್ ಕೊಟ್ಟ ಕ್ಷಣದಿಂದ ನಿಮ್ಮ ಡಿಫೆಂಡರ್ ಕಾಲೆತ್ತುವವರೆಗೆ ಏನೇನು ನಡೆಯುತ್ತದೆ ಅಂತ ನಿಧಾನವಾಗಿ ನೋಡೋಣ.

ಗೇಮ್ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ. ಅಂದರೆ ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡ್. ಆ ಚಿತ್ರವನ್ನು ಟಿವಿ ಬಂದ ಹಾಗೇ ತೋರಿಸುವುದಿಲ್ಲ. ಬಣ್ಣ ತಿದ್ದುತ್ತದೆ, ಅಂಚು ಚೂಪು ಮಾಡುತ್ತದೆ, ನಡುನಡುವೆ ತಾನೇ ಚಿತ್ರ ಸೇರಿಸಿ ಓಟವನ್ನು ನುಣುಪಾಗಿಸುತ್ತದೆ. ಸಿನಿಮಾ ನೋಡುವಾಗ ಇದೆಲ್ಲ ಚೆಂದ. ಗೇಮ್ ಆಡುವಾಗ ಈ ಅಲಂಕಾರಕ್ಕೇ ಕೆಲವು ಟಿವಿಗಳಲ್ಲಿ 100 ಮಿಲಿಸೆಕೆಂಡ್‌ವರೆಗೆ ಹೋಗಿಬಿಡುತ್ತದೆ. ಟಿವಿ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹಾಕಿದರೆ ಇದರ ಬಹುಪಾಲು ಇಳಿಯುತ್ತದೆ. ಕಾಸು ಖರ್ಚಿಲ್ಲದ ಕೆಲಸ. ಎಸ್‌ಪಿ ರೋಡ್‌ಗೆ ಹೋಗಿ ದುಬಾರಿ ಮಾನಿಟರ್ ತರುವ ಮೊದಲು ಇದನ್ನೊಂದು ಮಾಡಿ ನೋಡಿ.

ಇನ್ನು ನಮ್ಮ ಮೈಯ ತಡ. ದೀಪ ಹತ್ತಿದ ತಕ್ಷಣ ಬಟನ್ ಒತ್ತು ಅಂದರೂ ಮನುಷ್ಯನಿಗೆ 200ರಿಂದ 250 ಮಿಲಿಸೆಕೆಂಡ್ ಬೇಕು. ಅದೂ ಒಂದೇ ದೀಪ, ಒಂದೇ ಬಟನ್ ಇದ್ದರೆ. ನಾಲ್ಕೈದರಲ್ಲಿ ಒಂದನ್ನು ಆರಿಸಬೇಕಾದರೆ ಇನ್ನೂ ಜಾಸ್ತಿ. ಆಯ್ಕೆ ಹೆಚ್ಚಿದಷ್ಟೂ ತಡ ಹೆಚ್ಚುತ್ತದೆ ಅಂತ ಬ್ರಿಟನ್‌ನ ಮನಶ್ಶಾಸ್ತ್ರಜ್ಞ ವಿಲಿಯಂ ಹಿಕ್ 1952ರಲ್ಲೇ ತೋರಿಸಿದ್ದರು. ಆಟದಲ್ಲಿ ಟ್ಯಾಕಲ್ ಮಾಡಲೋ, ಹಿಂದೆ ಸರಿಯಲೋ, ಬೇರೆ ಆಟಗಾರನನ್ನು ಹಿಡಿಯಲೋ ಅನ್ನುವ ಗೊಂದಲ ಇದೆಯಲ್ಲ, ಅದಕ್ಕೂ ಸಮಯ ಬೇಕು.

ಬಟನ್ ಒತ್ತಿದ ಮೇಲೂ ಮುಗಿಯಲಿಲ್ಲ. ಪರದೆಯ ಮೇಲಿನ ಆಟಗಾರನಿಗೂ ಒಂದು ದೇಹ ಇದೆ. ಎಡಕ್ಕೆ ಓಡುತ್ತಿದ್ದವನು ಬಲಕ್ಕೆ ತಿರುಗಬೇಕಾದರೆ ಕಾಲೂರಬೇಕು, ಭಾರ ಬದಲಿಸಬೇಕು. ಪೂರ್ತಿ ಜೋರಲ್ಲಿ ಓಡುತ್ತಿದ್ದರೆ ಇದು ಇನ್ನೂ ತಡ. "ಅವನು ಅಲ್ಲಾಡಲೇ ಇಲ್ಲ" ಅನ್ನುವ ದೂರಿನ ಬಹುಪಾಲು ಹುಟ್ಟುವುದು ಇಲ್ಲೇ.

ಎಲ್ಲ ಕೂಡಿದರೆ ಸುಲಭವಾಗಿ ಅರ್ಧ ಸೆಕೆಂಡ್ ಹತ್ತಿರ ಬರುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಓಡುವ ವಿಂಗರ್ (ಮೈದಾನದ ಅಂಚಿನಲ್ಲಿ ಆಡುವ ಅಟ್ಯಾಕರ್) ಆ ಅರ್ಧ ಸೆಕೆಂಡಿನಲ್ಲಿ 4 ಮೀಟರ್ ದಾಟಿರುತ್ತಾನೆ. ಅವನು ಕಂಡ ಜಾಗಕ್ಕೆ ನೀವು ಓಡಿದರೆ ಸಿಗುವುದು ಅವನು ಬಿಟ್ಟುಹೋದ ಹುಲ್ಲು. ಬೆರಳನ್ನು ಎಷ್ಟೇ ಪಳಗಿಸಿದರೂ ಈ ತಡದಲ್ಲಿ ಕಮ್ಮಿ ಆಗುವುದು ಚೂರುಪಾರು ಮಾತ್ರ.

ಆನ್‌ಲೈನ್ ಆಡುವವರಿಗೆ ಇದರ ಮೇಲೆ ನೆಟ್‌ವರ್ಕ್ ಕಾಟ ಬೇರೆ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಬೆಂಗಳೂರಿನಿಂದ ಮುಂಬೈಗೆ ನೇರ ದೂರ ಸುಮಾರು 850 ಕಿ.ಮೀ., ಸಿಂಗಪುರಕ್ಕೆ ಸುಮಾರು 3,200. ಹೋಗಿ ಬರಲು ಮುಂಬೈಗೆ ಕನಿಷ್ಠ 8-9 ಮಿಲಿಸೆಕೆಂಡ್ ಬೇಕು, ಸಿಂಗಪುರಕ್ಕೆ 32. ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲ, ದಾರಿಯಲ್ಲಿ ರೂಟರ್‌ಗಳಿವೆ, ಹಾಗಾಗಿ ನಿಜದಲ್ಲಿ ಇದಕ್ಕಿಂತ ಜಾಸ್ತಿಯೇ. ಎಷ್ಟೇ ದುಡ್ಡು ಕೊಟ್ಟು 300 ಎಂಬಿಪಿಎಸ್ ಪ್ಲಾನ್ ಹಾಕಿಸಿದರೂ ದೂರ ಕಮ್ಮಿ ಆಗುವುದಿಲ್ಲ. ಆ ಸಂಖ್ಯೆ ಹೇಳುವುದು ಒಂದು ಸೆಕೆಂಡಿಗೆ ಎಷ್ಟು ಮಾಹಿತಿ ತುಂಬಬಹುದು ಅಂತ. ಎಷ್ಟು ಬೇಗ ತಲುಪುತ್ತದೆ ಅಂತ ಅಲ್ಲ.

ನಿಜವಾಗಿ ಆಟ ಕೆಡಿಸುವುದು ಪಿಂಗ್, ಅಂದರೆ ಈ ಹೋಗಿ ಬರುವ ಸಮಯ, ಹೆಚ್ಚಿರುವುದಕ್ಕಿಂತ ಅದು ಏರಿಳಿಯುವುದು. ಒಂದೇ ಸಮನೆ 50 ಇದ್ದರೆ ಕೈ ಅದಕ್ಕೆ ಹೊಂದಿಕೊಳ್ಳುತ್ತದೆ. ಒಮ್ಮೆ 20, ಮರುಕ್ಷಣ 120 ಆದರೆ ಯಾರ ಕೈಯೂ ಹೊಂದಿಕೊಳ್ಳದು. ಪಿಜಿಯಲ್ಲಿ ಹತ್ತು ಜನಕ್ಕೆ ಒಂದೇ ವೈಫೈ. ಪಕ್ಕದ ರೂಮಿನವನು ಊರಿನ ಜಾತ್ರೆ ವಿಡಿಯೊ ಅಪ್‌ಲೋಡ್ ಮಾಡಲು ಶುರು ಮಾಡಿದರೆ ರೂಟರ್‌ನಲ್ಲಿ ಕ್ಯೂ ಬೆಳೆಯುತ್ತದೆ, ನಿಮ್ಮ ಪಾಸ್ ಆ ಕ್ಯೂನಲ್ಲಿ ನಿಲ್ಲುತ್ತದೆ. ರೂಟರ್‌ನಿಂದ ಕನ್ಸೋಲ್‌ಗೆ ಒಂದು ಲ್ಯಾನ್ ಕೇಬಲ್ ಎಳೆದರೆ ವೈಫೈನ ಏರಿಳಿತ ಹೋಗುತ್ತದೆ. ಅಪ್‌ಲೋಡ್ ಮಾಡುವವನ ಹತ್ತಿರ ನೀವೇ ಮಾತಾಡಿಕೊಳ್ಳಬೇಕು.

ಸ್ಟಾಪರ್‌ನನ್ನು ಅವನ ಪಾಡಿಗೆ ಬಿಡಿ

ಈಗ ಆಟದೊಳಕ್ಕೆ. ನನ್ನ ಪ್ರಕಾರ ಆಟ ಸುಧಾರಿಸಲು ಶುರು ಮಾಡಬೇಕಾದ್ದು ಡಿಫೆನ್ಸ್‌ನಿಂದ. ಯೂಟ್ಯೂಬ್‌ನಲ್ಲಿ ಸ್ಕಿಲ್ ಮೂವ್ ವಿಡಿಯೊಗಳಿಗೆ ಬರುವಷ್ಟು ನೋಟ ಡಿಫೆನ್ಸ್ ಪಾಠಗಳಿಗೆ ಬರುವುದಿಲ್ಲ. ಆದರೆ ಪಂದ್ಯ ಸೋಲುವುದು ಹೆಚ್ಚಾಗಿ ಅಲ್ಲೇ.

ಒಂದು ಗೋಲು ನೋಡೋಣ. ದಿನಕ್ಕೆ ನಾಲ್ಕು ಸಲವಾದರೂ ಎಲ್ಲರೂ ತಿನ್ನುವ ಗೋಲು. ಎದುರಾಳಿಯ ವಿಂಗರ್ ಅಂಚಿನಲ್ಲಿ ಚೆಂಡು ಹಿಡಿದಿದ್ದಾನೆ. ನಿಮ್ಮ ರೈಟ್ ಬ್ಯಾಕ್ ಅವನ ಎದುರಿಗಿದ್ದಾನೆ. ನಿಮಗೆ ಸುಮ್ಮನಿರಲಾಗುವುದಿಲ್ಲ. ಜೋರಾಗಿ ಓಡಿಸುವ ಆರ್2 ಅದುಮಿ ನುಗ್ಗುತ್ತೀರಿ, ಸರ್ಕಲ್ ಒತ್ತಿ ಟ್ಯಾಕಲ್‌ಗೆ ಕಾಲು ಹಾಕುತ್ತೀರಿ. ಅವನು ಚೆಂಡನ್ನು ಒಂದಡಿ ಪಕ್ಕಕ್ಕೆ ಎಳೆದುಕೊಳ್ಳುತ್ತಾನೆ. ರೈಟ್ ಬ್ಯಾಕ್ ಆಟದಿಂದ ಹೊರಗೆ. ಗಾಬರಿಯಲ್ಲಿ ಎಲ್1 ಒತ್ತಿ ಸ್ಟಾಪರ್‌ನನ್ನು (ಗೋಲಿನ ಮುಂದೆ ನಡುವಿನಲ್ಲಿ ನಿಲ್ಲುವ ಡಿಫೆಂಡರ್) ಹಿಡಿದು ವಿಂಗರ್ ಕಡೆ ಓಡಿಸುತ್ತೀರಿ. ಅವನು ಬಿಟ್ಟು ಬಂದ ಜಾಗದಲ್ಲಿ ಎದುರಾಳಿಯ ಸ್ಟ್ರೈಕರ್ ಒಬ್ಬನೇ ನಿಂತಿದ್ದಾನೆ. ಸಣ್ಣದೊಂದು ಪಾಸ್. ಮುಗಿಯಿತು.

ಆಮೇಲೆ ಬೈಗುಳ ಬೀಳುವುದು ಗೋಲ್‌ಕೀಪರ್‌ಗೆ, ಪಾಪ.

ಇದೇ ಜಾಗದಲ್ಲಿ ಆಟ ಬಲ್ಲವರು ಏನು ಮಾಡುತ್ತಾರೆ? ಎಲ್2 ಹಿಡಿಯುತ್ತಾರೆ. ಇದು ಜಾಕಿ. ಡಿಫೆಂಡರ್ ಚೆಂಡಿಗೆ ಮುಖ ಮಾಡಿ, ಸೊಂಟ ತಗ್ಗಿಸಿ, ಅಡ್ಡಡ್ಡ ಹೆಜ್ಜೆ ಹಾಕುತ್ತಾನೆ. ವಿಂಗರ್‌ನಿಂದ ಒಂದೆರಡು ಮೀಟರ್ ದೂರದಲ್ಲಿ, ಗೋಲಿನ ಕಡೆಗೆ ಸ್ವಲ್ಪ ಒಳಗೆ ನಿಲ್ಲುತ್ತಾರೆ. ಮಧ್ಯದ ದಾರಿ ಮುಚ್ಚಿ, ಅಂಚಿನ ದಾರಿ ಬಿಡುತ್ತಾರೆ. ಅಂಚಿನಿಂದ ನೇರ ಗೋಲು ಹೊಡೆಯುವುದು ಕಷ್ಟ, ಅಲ್ವಾ? ಅಲ್ಲಿಗೆ ಹೋಗಲಿ ಬಿಡಿ. ಆಮೇಲೆ ಬಲಗಡೆಯ ಸ್ಟಿಕ್ ಒತ್ತರಿಸಿ ಡಿಫೆನ್ಸಿವ್ ಮಿಡ್‌ಫೀಲ್ಡರ್‌ನನ್ನು ಹಿಡಿದು, ವಿಂಗರ್‌ಗೂ ಪೆನಾಲ್ಟಿ ಬಾಕ್ಸ್ ಅಂಚಿಗೂ ನಡುವಿನ ಗೆರೆಯ ಮೇಲೆ ತಂದು ನಿಲ್ಲಿಸುತ್ತಾರೆ. ಸ್ಟಾಪರ್‌ಗಳನ್ನು ಮುಟ್ಟುವುದಿಲ್ಲ. ಕಂಪ್ಯೂಟರ್ ಅವರನ್ನು ಇಡಬೇಕಾದ ಜಾಗದಲ್ಲೇ ಇಟ್ಟಿರುತ್ತದೆ. ನಾವು ಮುಟ್ಟಿದಾಗಲೇ ಅವರು ಹಾದಿ ತಪ್ಪುವುದು. ಪಾರ್ಲರ್‌ಗಳಲ್ಲಿ ಹಳೆಯ ಹುಲಿಗಳು ಹೊಸಬರಿಗೆ ಹೇಳುವುದೂ ಇದನ್ನೇ: "ಸ್ಟಾಪರ್ ಮುಟ್ಟಬೇಡ ಮಗಾ, ಮಿಡ್‌ಫೀಲ್ಡರ್ ತಗೊಂಡು ವಾಪಸ್ ಬಾ."

ಮೇಲಿನ ಅರ್ಧ ಸೆಕೆಂಡ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಚೆಂಡಿನ ಹಿಂದೆ ಓಡಿದರೆ ಪ್ರತಿ ಸಲ ಆ ಅರ್ಧ ಸೆಕೆಂಡ್ ನೀವು ಕಟ್ಟಬೇಕು. ಪಾಸ್ ಹೋಗಬಹುದಾದ ದಾರಿಯಲ್ಲಿ ಮೊದಲೇ ನಿಂತರೆ ಕಟ್ಟಬೇಕಾದವನು ಎದುರಾಳಿ. ಕೆ.ಆರ್. ಮಾರ್ಕೆಟ್ ಹತ್ತಿರ ರಸ್ತೆ ದಾಟುವ ಹೆಂಗಸರನ್ನು ನೋಡಿ. ಬಸ್ಸನ್ನು ದಿಟ್ಟಿಸುತ್ತಾ ನಿಲ್ಲುವುದಿಲ್ಲ, ಎರಡು ಬಸ್ಸಿನ ನಡುವೆ ಬರಲಿರುವ ಸಂದಿ ನೋಡುತ್ತಾರೆ. ಡಿಫೆನ್ಸ್ ಮಾಡುವ ಕಣ್ಣು ಅಂಥದ್ದೇ.

ಹಳಬರಿಗೆ ಇದು ಜಾಸ್ತಿ ಕಷ್ಟ. ಅದಕ್ಕೆ ಕಾರಣವೂ ಇದೆ. ಮೊದಲಿನ ಫಿಫಾಗಳಲ್ಲಿ ಒಂದು ಬಟನ್ ಅದುಮಿ ಹಿಡಿದರೆ ಸಾಕಿತ್ತು, ಡಿಫೆಂಡರ್ ತಾನೇ ಓಡಿ ಹೋಗಿ ಚೆಂಡು ಕಿತ್ತುಕೊಳ್ಳುತ್ತಿದ್ದ. 2011ರಲ್ಲಿ ಬಂದ ಫಿಫಾ 12 ಟ್ಯಾಕ್ಟಿಕಲ್ ಡಿಫೆಂಡಿಂಗ್ ತಂದು ಇದನ್ನು ತಲೆಕೆಳಗು ಮಾಡಿತು. ಎಲ್ಲಿ ನಿಲ್ಲಬೇಕು, ಯಾವಾಗ ಕಾಲು ಹಾಕಬೇಕು ಅನ್ನುವುದು ಅಂದಿನಿಂದ ಆಡುವವರ ಜವಾಬ್ದಾರಿ. ಪಿಎಸ್2 ಕಾಲದಲ್ಲಿ ಕಲಿತ ಕೈ ಇವತ್ತಿಗೂ ಬಟನ್ ಅದುಮಿ ಹಿಡಿಯುತ್ತದೆ.

ಆರ್1 ಒತ್ತಿ ಇನ್ನೊಬ್ಬ ಡಿಫೆಂಡರ್‌ನನ್ನು ಚೆಂಡಿನ ಮೇಲೆ ಬಿಡುವ ಚಟವೂ ಇಂಥದ್ದೇ. ಕೆಲಸ ಮಾಡಿದ ಹಾಗೆ ಕಾಣುತ್ತದೆ. ಆದರೆ ಅವನು ತನ್ನ ಜಾಗ ಬಿಟ್ಟೇ ಬರಬೇಕು, ಆ ಜಾಗ ಖಾಲಿ ಬೀಳುತ್ತದೆ. ಜೊತೆಗೆ ಎಪ್ಪತ್ತನೇ ನಿಮಿಷದ ಹೊತ್ತಿಗೆ ಎಲ್ಲರ ಕಾಲೂ ಸೋತಿರುತ್ತದೆ.

ಓಡದೆ ಮುಂದೆ ಹೋಗುವುದು

ಅಟ್ಯಾಕ್‌ನಲ್ಲಿ ದೊಡ್ಡ ಶತ್ರು ಆರ್2. ಸ್ಪ್ರಿಂಟ್ ಒತ್ತಿದಾಗ ಆಟಗಾರ ಚೆಂಡನ್ನು ಕಾಲಿನಿಂದ ದೂರ ತಳ್ಳಿ ಓಡುತ್ತಾನೆ. ಎರಡು ಒದೆತದ ನಡುವೆ ಚೆಂಡು ಯಾರದ್ದೂ ಅಲ್ಲ. ಆಗ ಪಾಸ್ ಒತ್ತಿದರೂ ಅವನು ಚೆಂಡು ಮುಟ್ಟುವವರೆಗೆ ಕಾಯಲೇಬೇಕು. ಮುಂದೆ ಬಯಲು ಇದ್ದಾಗ ಮಾತ್ರ ಓಡಿ. ಜನ ತುಂಬಿದ ಕಡೆ ಬೆರಳು ಬಿಡಿ.

ನಾರ್ವೆಯ ಸಂಶೋಧಕ ಗೇರ್ ಯೋರ್ಡೆಟ್ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಮಿಡ್‌ಫೀಲ್ಡರ್‌ಗಳು ಚೆಂಡು ಬರುವ ಮೊದಲು ಎಷ್ಟು ಸಲ ಕತ್ತು ತಿರುಗಿಸಿ ಸುತ್ತ ನೋಡುತ್ತಾರೆ ಅಂತ ಎಣಿಸಿದರು. ಹೆಚ್ಚು ಸಲ ನೋಡುವವರ ಪಾಸ್ ಹೆಚ್ಚು ಸರಿಯಾಗಿ ತಲುಪುತ್ತಿತ್ತು. ಗೇಮ್‌ನಲ್ಲಿ ನಮಗೆ ಕತ್ತು ತಿರುಗಿಸುವ ಕಷ್ಟವೂ ಇಲ್ಲ. ಪರದೆಯ ಕೆಳಗೆ ರಾಡಾರ್ ಇದೆ. ಆದರೆ ಅದನ್ನು ನೋಡುವವರು ಕಡಿಮೆ. ಒಂದು ಪಾಸ್ ಗಾಳಿಯಲ್ಲೋ ನೆಲದ ಮೇಲೋ ಸಾಗುತ್ತಿರುವಾಗ ಕಣ್ಣನ್ನು ಚೆಂಡಿನಿಂದ ಬಿಡಿಸಿ ಅಲ್ಲಿಗೆ ಹಾಕಿ. ಚೆಂಡು ತಲುಪುವ ಮೊದಲೇ ಮುಂದಿನ ಪಾಸ್ ಬಟನ್ ಒತ್ತಿಬಿಡಿ. ಗೇಮ್ ಅದನ್ನು ನೆನಪಿಟ್ಟುಕೊಂಡು, ಚೆಂಡು ಬಂದ ಕೂಡಲೇ ಒಂದೇ ಮುಟ್ಟಿಗೆ ಪಾಸ್ ಕೊಡುತ್ತದೆ. ನಿಮ್ಮ ತಡ ಅಲ್ಲಿ ಮಾಯ.

ಚೆಂಡು ನಮ್ಮ ಹತ್ತಿರ ಇದ್ದಾಗ ಎಲ್1 ಒತ್ತಿದರೆ ಜೊತೆಯ ಆಟಗಾರ ಮುನ್ನುಗ್ಗುತ್ತಾನೆ. ಅವನಿಗೇ ಪಾಸ್ ಕೊಡಬೇಕೆಂದಿಲ್ಲ. ಅವನ ಹಿಂದೆ ಡಿಫೆಂಡರ್ ಹೋದರೆ ಆ ಜಾಗ ತೆರೆಯುತ್ತದೆ. ಸ್ಕಿಲ್ ಮೂವ್ ಬಗ್ಗೆ ನನ್ನದು ಒಂದೇ ಮಾತು. ಚೆಂಡನ್ನು ಪಕ್ಕಕ್ಕೆ ಉರುಳಿಸುವ ಬಾಲ್ ರೋಲ್, ಹೊಡೆದಂತೆ ಮಾಡಿ ನಿಲ್ಲಿಸುವ ಫೇಕ್ ಶಾಟ್, ಹಿಂದಕ್ಕೆ ಎಳೆಯುವ ಡ್ರ್ಯಾಗ್ ಬ್ಯಾಕ್. ಈ ಮೂರು ನಿದ್ದೆಯಲ್ಲೂ ಬರುವ ಹಾಗಾದರೆ ಸಾಕು. ಮೂವತ್ತು ಕಲಿತರೆ ಹಿಕ್ ಹೇಳಿದ ತೊಂದರೆಯೇ ಮತ್ತೆ.

ಶಾಟ್ ವಿಷಯದಲ್ಲಿ ಜನ ಪವರ್ ಬಾರ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಅದಕ್ಕಿಂತ ಮೊದಲು ಆಟಗಾರನ ಮೈ ಎತ್ತ ತಿರುಗಿದೆ ಅಂತ ನೋಡಿ. ಗೋಲಿಗೆ ಬೆನ್ನು ಮಾಡಿ, ಓಡುತ್ತಾ, ಸೋತ ಕಾಲಿನಲ್ಲಿ ಹೊಡೆದರೆ ಎಂಥ ಸ್ಟ್ರೈಕರ್ ಆದರೂ ಗ್ಯಾಲರಿಗೇ. ಒಂದು ಹೆಜ್ಜೆ ನಿಧಾನಿಸಿ, ಮೈ ತಿರುಗಿಸಿ, ಬಳಿಕ ಹೊಡೆಯಿರಿ. ಬಾಕ್ಸ್‌ನ ಪಕ್ಕದಿಂದಾದರೆ ಆರ್1 ಜೊತೆ ಸರ್ಕಲ್ ಒತ್ತಿ ದೂರದ ಕಂಬದ ಕಡೆ ತಿರುವು ಹೊಡೆತ.

ಕ್ಯಾಮೆರಾ ಸೆಟ್ಟಿಂಗ್ಸ್ ಒಂದು ಸಲ ತೆರೆದು ಎತ್ತರ ಜಾಸ್ತಿ, ಝೂಮ್ ಕಮ್ಮಿ ಮಾಡಿ. ಆಟಗಾರರು ಚಿಕ್ಕದಾಗಿ ಕಾಣುತ್ತಾರೆ, ಮುಖ ಗುರುತು ಸಿಗುವುದಿಲ್ಲ. ಆದರೆ ಮೈದಾನ ಹೆಚ್ಚು ಕಾಣುತ್ತದೆ. ಕಂಠೀರವ ಸ್ಟೇಡಿಯಂನಲ್ಲಿ ಬೆಂಗಳೂರು ಎಫ್‌ಸಿ ಪಂದ್ಯ ನೋಡಿದವರಿಗೆ ಇದರ ಅನುಭವ ಇರುತ್ತದೆ. ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಮೈದಾನ ದೂರ ಅಂತ ಎಲ್ಲರೂ ಗೊಣಗುತ್ತಾರೆ. ಆದರೆ ಮೇಲಿನ ಸಾಲಿನಲ್ಲಿ ಕೂತರೆ ಇಡೀ ತಂಡದ ಆಕಾರ ಒಂದೇ ನೋಟಕ್ಕೆ ಸಿಗುತ್ತದೆ. ಹತ್ತು ನಿಮಿಷ ಚೆಂಡು ಬಿಟ್ಟು ಒಬ್ಬ ಸ್ಟಾಪರ್‌ನನ್ನೇ ನೋಡಿ. ಅವನು ಎಷ್ಟು ಕಡಿಮೆ ಓಡುತ್ತಾನೆ ಅಂತ ಆಶ್ಚರ್ಯ ಆಗುತ್ತದೆ.

ಅಭ್ಯಾಸ ಅಂದರೆ ಬರೀ ಆಡುವುದಲ್ಲ

ರಾತ್ರಿಯಿಡೀ ಆಡಿದವರೆಲ್ಲ ಸುಧಾರಿಸುವುದಿಲ್ಲ. ಹಳೆಯ ಚಾಳಿಯನ್ನೇ ಗಟ್ಟಿ ಮಾಡಿಕೊಂಡು ಮಲಗುತ್ತಾರೆ, ಅಷ್ಟೆ. ಒಂದು ಪಂದ್ಯಕ್ಕೆ ಒಂದೇ ವಿಷಯ ಹಿಡಿಯಿರಿ. "ಈ ಪಂದ್ಯದಲ್ಲಿ ಸ್ಟಾಪರ್ ಮುಟ್ಟಲ್ಲ." ಸೋತರೂ ಪರವಾಗಿಲ್ಲ, ಮುಟ್ಟಬಾರದು. ಗೋಲು ತಿಂದಾಗ ರಿಪ್ಲೇಯನ್ನು ಎಕ್ಸ್ ಒತ್ತಿ ಹಾರಿಸಬೇಡಿ. ಹೊಡೆತ ನೋಡಬೇಕಿಲ್ಲ, ಅದಕ್ಕೆ ಐದು ಸೆಕೆಂಡ್ ಮುಂಚೆ ಯಾರು ಜಾಗ ಬಿಟ್ಟರು ಅಂತ ನೋಡಿ. ಹೆಚ್ಚಿನ ಸಲ ಅದು ನೀವೇ ಓಡಿಸಿದ ಆಟಗಾರ.

ಫ್ರೀ ಕಿಕ್, ಶಾಟ್, ಪಾಸ್ ಇವುಗಳನ್ನು ಕಲಿಯುವಾಗ ಒಂದೇ ಹೊಡೆತವನ್ನು ಐವತ್ತು ಸಲ ಹೊಡೆಯುವುದಕ್ಕಿಂತ ಬೆರೆಸಿ ಹೊಡೆಯುವುದು ಮೇಲು. ಅಮೆರಿಕದ ಜಾನ್ ಶಿಯಾ ಮತ್ತು ರಾಬಿನ್ ಮಾರ್ಗನ್ 1979ರಲ್ಲಿ ಕೈ ಚಲನೆ ಕಲಿಯುವವರ ಮೇಲೆ ಒಂದು ಪ್ರಯೋಗ ಮಾಡಿದರು. ಒಂದೊಂದನ್ನೇ ಸಾಲಾಗಿ ಕಲಿತವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ಬೆರೆಸಿ ಕಲಿತವರು ಅಭ್ಯಾಸದಲ್ಲಿ ತಡವರಿಸಿದರೂ, ದಿನ ಕಳೆದ ಮೇಲೆ ಪರೀಕ್ಷಿಸಿದಾಗ ಹೆಚ್ಚು ಉಳಿಸಿಕೊಂಡಿದ್ದರು. ಪ್ರ್ಯಾಕ್ಟೀಸ್ ಅರೀನಾದಲ್ಲಿ ಚೆನ್ನಾಗಿ ಹೊಡೆದು, ಪಂದ್ಯದಲ್ಲಿ ಕೈಕೊಡುವುದೇಕೆ ಅನ್ನುವುದಕ್ಕೆ ಇದೂ ಒಂದು ಉತ್ತರ.

ಕಂಪ್ಯೂಟರ್ ಜೊತೆ ಆಡುವುದರಲ್ಲಿ ಒಂದು ಹಳ್ಳ ಇದೆ. ಮೇಲಿನ ಹಂತಗಳಲ್ಲಿ ಅದು ತಾಳ್ಮೆಯಿಂದ ಪಾಸ್ ಮೇಲೆ ಪಾಸ್ ಕೊಡುತ್ತದೆ. ಮನುಷ್ಯ ಹಾಗೆ ಆಡುವುದಿಲ್ಲ, ಅವನಿಗೆ ಆತುರ. ಬಟನ್ ಕಲಿಯುವವರೆಗೆ ಕಂಪ್ಯೂಟರ್ ಸಾಕು, ಆಮೇಲೆ ಜನರ ಜೊತೆ ಆಡಿ. ಅದೂ ನಿಮಗಿಂತ ಸ್ವಲ್ಪ ಮೇಲಿರುವವರ ಜೊತೆ. ಎಂಟು ಗೋಲು ತಿನ್ನಿಸುವವರ ಜೊತೆ ಆಡಿದರೆ ಏನು ತಪ್ಪಾಯಿತು ಅಂತಲೂ ತಿಳಿಯುವುದಿಲ್ಲ.

ನನಗೆ ಇಷ್ಟವಾದ ಇನ್ನೊಂದು ಉಪಾಯ ಇದೆ. ಫಿಫಾ 22ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೇಮ್‌ಗೆ ಬಂತು. ಅಂಥ ಆವೃತ್ತಿ ಕೈಗೆ ಸಿಕ್ಕರೆ ಸ್ವಲ್ಪ ದಿನ ಬೆಂಗಳೂರು ಎಫ್‌ಸಿ ಹಿಡಿದು ಆಡಿ. ಎಂಬಪೆ ಥರ ಓಡಿ ಪಾರಾಗುವ ದಾರಿ ಅಲ್ಲಿಲ್ಲ. ಪಾಸ್ ಸರಿ ಕೊಡಬೇಕು, ಜಾಗ ನೋಡಬೇಕು. ದೊಡ್ಡ ತಂಡಕ್ಕೆ ವಾಪಸ್ ಬಂದಾಗ ಎಲ್ಲ ಹಗುರ ಅನ್ನಿಸುತ್ತದೆ. ನಮ್ಮದೇ ತಂಡ ಕಟ್ಟುವ ಅಲ್ಟಿಮೇಟ್ ಟೀಮ್‌ನಲ್ಲಿ, ಒಳಗೆ ಯಾವ ಆಟಗಾರ ಅಂತ ತೆರೆದ ಮೇಲಷ್ಟೇ ಗೊತ್ತಾಗುವ ಪ್ಯಾಕ್‌ಗಳಿಗೆ ದುಡ್ಡು ಸುರಿಯುವುದು ಇದಕ್ಕೆ ತದ್ವಿರುದ್ಧ. ದುಬಾರಿ ಆಟಗಾರ ನಿಮ್ಮ ತಪ್ಪನ್ನು ತನ್ನ ವೇಗದಿಂದ ಮುಚ್ಚಿಹಾಕುತ್ತಾನೆ, ತಪ್ಪು ಹಾಗೇ ಉಳಿಯುತ್ತದೆ. ಇಂಥ ಪ್ಯಾಕ್‌ಗಳು ಜೂಜಿಗೆ ಸಮ ಅಂತ ಬೆಲ್ಜಿಯಂ ಪಟ್ಟು ಹಿಡಿದಿದ್ದರಿಂದ, ಇಎ 2019ರಲ್ಲಿ ಅಲ್ಲಿ ಪ್ಯಾಕ್ ಕೊಳ್ಳಲು ಬಳಸುವ ಫಿಫಾ ಪಾಯಿಂಟ್ಸ್ ಮಾರುವುದನ್ನೇ ನಿಲ್ಲಿಸಬೇಕಾಯಿತು.

ಮನೆಯಲ್ಲಿ "ಯಾವಾಗ ನೋಡಿದರೂ ಗೇಮು" ಅಂತ ಬೈಸಿಕೊಳ್ಳುವವರಿಗೆ ಒಂದು ಮಾಹಿತಿ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಈ ಆಟದ್ದೇ ಒಂದು ರೂಪಕ್ಕೆ ಪದಕ ಇತ್ತು, ಭಾರತದ ಆಟಗಾರರೂ ಆಡಿದ್ದರು. ಬೈಗುಳ ನಿಲ್ಲುತ್ತದೆ ಅಂತ ಮಾತ್ರ ಹೇಳಲಾರೆ.

ಉಳಿದದ್ದು ಪೆನಾಲ್ಟಿ. ಇಲ್ಲಿ ಮಾತ್ರ ಮೇಲೆ ಹೇಳಿದ್ದು ಯಾವುದೂ ನಡೆಯುವುದಿಲ್ಲ. ಚೆಂಡು ನೋಡಿ ಕೀಪರ್ ಹಾರಿದರೆ ತಡ, ಊಹಿಸಿಯೇ ಹಾರಬೇಕು. ಅರ್ಥಶಾಸ್ತ್ರಜ್ಞ ಇಗ್ನಾಸಿಯೊ ಪಲಾಸಿಯೋಸ್-ಹುಯೆರ್ತಾ 1,417 ಪೆನಾಲ್ಟಿಗಳನ್ನು ಲೆಕ್ಕ ಹಾಕಿ 2003ರಲ್ಲಿ ಒಂದು ಪ್ರಬಂಧ ಬರೆದರು. ವೃತ್ತಿಪರ ಆಟಗಾರರು ಹೊಡೆಯುವ ದಿಕ್ಕಿನಲ್ಲಿ ಯಾವ ಲಯವೂ ಸಿಗುವುದಿಲ್ಲ, ಹಿಂದಿನದನ್ನು ನೋಡಿ ಮುಂದಿನದನ್ನು ಊಹಿಸಲಾಗದು ಅನ್ನುವುದು ಅದರ ಸಾರ. ನಾವು ಹಾಗಲ್ಲ. ಒಮ್ಮೆ ಎಡಕ್ಕೆ ಹೊಡೆದರೆ ಮುಂದಿನದು ಬಲಕ್ಕೆ ಅಂತ ಕೈ ತಾನೇ ಹೋಗುತ್ತದೆ, ಎದುರಾಳಿಗೆ ಅದು ಎರಡನೇ ಹೊಡೆತಕ್ಕೇ ಗೊತ್ತಾಗುತ್ತದೆ. ಅದಕ್ಕೆ ನಿರ್ಧಾರವನ್ನು ನಿಮ್ಮ ತಲೆಯಿಂದ ಹೊರಗಿಡಿ. ಪ್ರತಿ ಹೊಡೆತಕ್ಕೂ ಮುಂಚೆ ಮೊಬೈಲ್ ಗಡಿಯಾರದ ಸೆಕೆಂಡ್ ನೋಡಿ. 0ರಿಂದ 24 ಇದ್ದರೆ ಎಡ, 25ರಿಂದ 49 ಇದ್ದರೆ ಬಲ, ಅದಕ್ಕಿಂತ ಮೇಲಿದ್ದರೆ ನಟ್ಟನಡುವೆ. ಕೀಪರ್ ನೀವಾಗಿದ್ದಾಗಲೂ ಇದೇ ಲೆಕ್ಕ. ಮೊಬೈಲ್ ಪರದೆ ಮಾತ್ರ ಪಕ್ಕದವನಿಗೆ ಕಾಣದ ಹಾಗೆ ಹಿಡಿದುಕೊಳ್ಳಿ.